ಮಾಲ್ಡೀವ್ಸ್‌ನ ಪ್ರವಾಸೋದ್ಯಮ: ಏಳಿಗೆ ಮತ್ತು ಅಭದ್ರತೆ

ಸಣ್ಣ ದ್ವೀಪರಾಷ್ಟ್ರಗಳ ಆರ್ಥಿಕ ಸಂಕಷ್ಟಗಳನ್ನೆಲ್ಲ ಕಡಲಿನ ಲೆಕ್ಕಕ್ಕೆ ಬರೆದುಬಿಡುವುದು ವಾಡಿಕೆಯಾಗಿದೆ. ಕಡಲಿನ ಪಾಲು ಇಲ್ಲವೆನ್ನಲಾಗದು. ಆದರೆ ಮಾಲ್ಡೀವ್ಸ್‌ನ ಕಳೆದ ಐದು ದಶಕಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಅಲ್ಲಿನ ಪ್ರವಾಸೋದ್ಯಮವನ್ನು ಬೆಳೆಸಿದ ವ್ಯವಸ್ಥೆಯೇ ಅದರ ಅಭದ್ರತೆಗೂ ರೂಪ ಕೊಟ್ಟಿತೆಂಬುದು ತಿಳಿಯುತ್ತದೆ.

ಲಕ್ಷದ್ವೀಪದ ದಕ್ಷಿಣಕ್ಕೆ ಚಾಚಿಕೊಂಡಿರುವ ಸುಮಾರು 1200 ಹವಳದ ದ್ವೀಪಗಳಲ್ಲಿ ಜನವಸತಿಯಿರುವುದು ಸುಮಾರು 200ರಲ್ಲಿ ಮಾತ್ರ. (ಲಕ್ಷದ್ವೀಪದ ಉತ್ತರಭಾಗದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದುದರಿಂದ ತೆಂಗು, ನಾರು, ಮೀನುಗಳನ್ನು ನಂಬಿದ ಇಂಥ ಬದುಕು ಮಂಗಳೂರಿಗೆ ತೀರ ಅಪರಿಚಿತವಲ್ಲ.) 14ನೆಯ ಶತಮಾನದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತ ಕವಡೆ, ನಾರಿನ ಹಗ್ಗ ಮತ್ತು ಒಣಮೀನಿನ ವ್ಯಾಪಾರವನ್ನು ದಾಖಲಿಸಿದ್ದಾನೆ. ಇವುಗಳಲ್ಲಿ ಕೊನೆಯವರೆಗೆ ಉಳಿದದ್ದು ಬೇಯಿಸಿ, ಹೊಗೆಯಲ್ಲಿ ಒಣಗಿಸಿದ ಟ್ಯೂನ ಮೀನು. ಅದಕ್ಕೆ ಇದ್ದ ದೊಡ್ಡ ಗಿರಾಕಿ ಸಿಲೋನ್ ಒಂದೇ. 1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಆ ದೇಶ ಆಮದನ್ನು ಮೊಟಕುಗೊಳಿಸಿದಾಗ ಮಾಲ್ಡೀವ್ಸ್‌ನ ಬೆನ್ನೆಲುಬೇ ಮುರಿದಂತಾಯಿತು. 1976ರಲ್ಲಿ ಗಾನ್ ದ್ವೀಪದ ಬ್ರಿಟಿಷ್ ವಾಯುನೆಲೆಯೂ ಮುಚ್ಚಿತು. ಅಲ್ಲಿ ದುಡಿಯುತ್ತ ಇಂಗ್ಲಿಷ್ ಕಲಿತಿದ್ದ ಅನೇಕರು ಆಗಷ್ಟೇ ತಲೆಯೆತ್ತುತ್ತಿದ್ದ ರೆಸಾರ್ಟುಗಳತ್ತ ಹೊರಟರು.

ಮೊದಲ ರೆಸಾರ್ಟಾದ ಕುರುಂಬ, 1972ರ ಅಕ್ಟೋಬರಿನಲ್ಲಿ ರಾಜಧಾನಿ ಮಾಲೆಯ ಸಮೀಪದ ನಿರ್ಜನ ದ್ವೀಪವೊಂದರಲ್ಲಿ ಆರಂಭವಾಯಿತು. ಮುಂದೆ ‘ಒಂದು ದ್ವೀಪಕ್ಕೆ ಒಂದು ರೆಸಾರ್ಟ್’ ಎಂಬುದೇ ಸರ್ಕಾರದ ನೀತಿಯಾಯಿತು. ನಿರ್ಜನ ದ್ವೀಪವನ್ನು ಗುತ್ತಿಗೆ ಪಡೆದವನೇ ವಿದ್ಯುತ್ತು, ಕುಡಿಯುವ ನೀರು, ಚರಂಡಿ, ದೋಣಿಕಟ್ಟೆಗಳನ್ನೆಲ್ಲ ಒದಗಿಸಿಕೊಳ್ಳಬೇಕು. ಸರ್ಕಾರಕ್ಕೆ ಗುತ್ತಿಗೆಹಣ ಮತ್ತು ಹಾಸಿಗೆಯ ಲೆಕ್ಕದ ತೆರಿಗೆ ಸಲ್ಲಬೇಕಿತ್ತು. ಬಂಡವಾಳವಿಲ್ಲದ ಸರ್ಕಾರಕ್ಕೆ ಇದು ಜಾಣ ನಡೆಯೇ ಆಗಿತ್ತು. ಪ್ರವಾಸಿಗರ ಮದ್ಯಪಾನ, ಉಡುಗೆತೊಡುಗೆಗಳು ಮುಸ್ಲಿಂ ಗ್ರಾಮಸಮಾಜದ ಕಣ್ಣಿಗೆ ಬೀಳದಂತೆಯೂ ಆಯಿತು. ಆದರೆ ಪ್ರವಾಸಿಯ ಹಣವೂ ಹಳ್ಳಿಯನ್ನು ಮುಟ್ಟಲಿಲ್ಲ. ಅಕ್ಕಿ, ತರಕಾರಿ, ಇಂಧನಗಳು ಹೊರದೇಶಗಳಿಂದ ಬಂದವು. ನೌಕರರಲ್ಲಿಯೂ ಬಹಳಷ್ಟು ಮಂದಿ ಹೊರಗಿನವರೇ. ಹಳ್ಳಿಗೆ ದಕ್ಕಿದ್ದು ಮುಖ್ಯವಾಗಿ ಮನೆ ಬಿಟ್ಟು ಹೋದ ಗಂಡಸರ ಸಂಬಳ.

1981ರಲ್ಲಿ ಹುಲುಲೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಬೆಳವಣಿಗೆ ತ್ವರಿತವಾಯಿತು. 2013ರಲ್ಲಿ ಪ್ರವಾಸಿಗರ ಸಂಖ್ಯೆ 10 ಲಕ್ಷವನ್ನೂ 2024ರಲ್ಲಿ 20 ಲಕ್ಷವನ್ನೂ ಮೀರಿತು. ಗಿರಾಕಿಗಳು ಬದಲಾದರು, ಗಿರಾಕಿಯ ಅಂಕುಶ ಬದಲಾಗಲಿಲ್ಲ. ಯುರೋಪಿಯನ್ನರ ತರುವಾಯ ಚೀನೀಯರು, 2020ರಿಂದ 2023ರವರೆಗೆ ಭಾರತೀಯರು ಮೊದಲ ಸ್ಥಾನದಲ್ಲಿದ್ದರು. 2024ರ ಜನವರಿಯಲ್ಲಿ ಅಲ್ಲಿನ ಉಪಮಂತ್ರಿಗಳು ಭಾರತದ ಪ್ರಧಾನಿಯ ಬಗ್ಗೆ ಆಡಿದ ಮಾತುಗಳಿಂದ ವಿವಾದವೆದ್ದಿತು. ಹಿಂದಿನ ವರ್ಷ 2 ಲಕ್ಷ ದಾಟಿದ್ದ ಭಾರತೀಯರ ಸಂಖ್ಯೆ ಆ ವರ್ಷ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಸಿಲೋನ್ ಮೀನು ಬೇಡವೆಂದ ಪ್ರಸಂಗ ಇಲ್ಲಿ ನೆನಪಾಗದಿರದು.

ಇನ್ನು ಕಡಲಿನ ಮಾತು. 2004ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಮಾಲ್ಡೀವ್ಸನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲಕ್ಕೇರಿಸಲು ನಿರ್ಣಯಿಸಿತು. ಆರನೆಯ ದಿನ ಸುನಾಮಿ ಬಂದಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಹಾನಿಯ ಅಂದಾಜು ರಾಷ್ಟ್ರೀಯ ಉತ್ಪನ್ನದ ಶೇಕಡಾ 60ನ್ನು ಮೀರಿತು. ಪ್ರವಾಸಿಗರ ಸಂಖ್ಯೆ 2004ರಲ್ಲಿ 6.16 ಲಕ್ಷವಿದ್ದುದು 2005ರಲ್ಲಿ 3.95 ಲಕ್ಷಕ್ಕೆ ಕುಸಿಯಿತು. ಪಟ್ಟಿಯಿಂದ ಹೊರಬರಲು ದೇಶವು 2011ರ ಜನವರಿಯವರೆಗೆ ಕಾಯಬೇಕಾಯಿತು. ಬಹುಪಾಲು ರೆಸಾರ್ಟುಗಳು ಬೇಗನೆ ಚೇತರಿಸಿಕೊಂಡವು. ಅದೇ ಅಲೆಗೆ ಸಿಕ್ಕಿದ ರಾ ಹವಳವಲಯದ ಕಂದೊಲುದೂ ಎಂಬ ಕಿಕ್ಕಿರಿದ ದ್ವೀಪದ ಸಾವಿರಾರು ಜನ ಮಾತ್ರ ಊರನ್ನೇ ತೊರೆದು, ದುವಾಫರು ದ್ವೀಪದಲ್ಲಿ ಹೊಸ ಮನೆಗಳನ್ನು ಸೇರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಅಲೆ ಒಂದೇ ಆದರೂ ಅದನ್ನು ತಾಳಿಕೊಳ್ಳುವ ಸಾಮರ್ಥ್ಯ ಎರಡು ಬಗೆಯ ದ್ವೀಪಗಳಿಗೆ ಒಂದೇ ಆಗಿರಲಿಲ್ಲ.

ಈ ಅಂತರವನ್ನು ಕಿರಿದುಗೊಳಿಸಬಹುದಾಗಿದ್ದ ಕ್ರಮವೆಂದರೆ, 2008ರ ಅಧ್ಯಕ್ಷೀಯ ಚುನಾವಣೆಯ ತರುವಾಯ ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ದೊರೆತ ಅನುಮತಿ. ಮಾಫುಶಿಯಂಥ ಊರುಗಳಲ್ಲಿ ಸಾಮಾನ್ಯರೇ ಮನೆಗೆ ಕೋಣೆ ಸೇರಿಸಿ, ಸಾಲ ಮಾಡಿ ಪ್ರವಾಸಿಗರನ್ನು ಬರಮಾಡಿಕೊಂಡರು. ಕೋವಿಡ್‌ನಿಂದಾಗಿ 2020ರ ಮಾರ್ಚಿನಲ್ಲಿ ಗಡಿ ಮುಚ್ಚಿ ಜುಲೈ 15ರಂದು ಮರಳಿ ತೆರೆದಾಗ, ನೀರು ಸುತ್ತುವರಿದ ರೆಸಾರ್ಟ್ ದ್ವೀಪವು ತಾನೇ ಒಂದು ಪ್ರತ್ಯೇಕವಾಸವೆಂದು ಪರಿಗಣಿತವಾಗಿ ಪ್ರವಾಸಿಗರನ್ನು ಮೊದಲು ಪಡೆಯಿತು. ಊರಿನ ಅತಿಥಿಗೃಹಗಳು ಬಾಗಿಲು ತೆರೆಯಲು ಅಕ್ಟೋಬರ್‌ವರೆಗೆ ಕಾಯಬೇಕಾಯಿತು.