ಕೋಡೊಲೆಯಿಂದ ಹಾಟ್‌ಕೇಸಿನವರೆಗೆ

ಹಬ್ಬದಡಿಗೆಯಲ್ಲಿ ಹೋಳಿಗೆಗೇ ಅಗ್ರಸ್ಥಾನ. ಆದರೆ ಅದು ಬೇಯುವಷ್ಟು ಹೊತ್ತು ಹುಳಿ, ಪಲ್ಯಗಳನ್ನು ಆರದಂತೆ ಕಾಪಾಡುವ ವಿದ್ಯೆಗೂ ಒಂದು ಚರಿತ್ರೆಯಿದೆ.

ನಮ್ಮ ಊರುಗಳ ಹಳೆಯ ಅಡಿಗೆಮನೆಗಳಲ್ಲಿ ಸೌದೆ ಉರಿಯುವ ದೊಡ್ಡ ಒಲೆಗೆ ಅಂಟಿಕೊಂಡಂತೆ ಒಂದು ಕೋಡೊಲೆ ಇರುತ್ತಿತ್ತು. ಅದಕ್ಕೆ ಬೇರೆ ಸೌದೆ ಬೇಡ. ದೊಡ್ಡ ಒಲೆಯಿಂದ ಹಾಯ್ದು ಬಂದ ಝಳವೇ ಸಾಕು. ಬೆಂದ ಹುಳಿಯ ತಪ್ಪಲೆಯನ್ನು ಅಲ್ಲಿಟ್ಟರೆ ಕಡೆಯ ಪಂಕ್ತಿಯವರೆಗೂ ಬಿಸಿ. ಕಡೆಯ ಪಂಕ್ತಿಯೆಂದರೆ ಬಡಿಸಿ ದಣಿದ ಹೆಂಗಸರದು ಎಂಬುದನ್ನು ನಾವು ಮರೆಯಲಾಗದು.

ಯೂರೋಪಿನಲ್ಲಿ ಇನ್ನೊಂದು ದಾರಿ ಹಿಡಿದರು. ಶಾಖ ಕೊಡುತ್ತಿರುವುದರ ಬದಲು, ಇರುವ ಶಾಖವನ್ನು ಹೊರಗೆ ಬಿಡದಿರುವುದು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಾರ್ವೆಯ ಯೋಹಾನ್ ಸೋರೆನ್ಸೆನ್ ಅವರು ಒಳಗೆಲ್ಲ ಮೆತ್ತೆ ಹೊದಿಸಿದ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಕುದಿಯುವ ಪಾತ್ರೆಯನ್ನು ಅದರಲ್ಲಿ ಮುಚ್ಚಿಟ್ಟರೆ ಗಂಟೆಗಟ್ಟಲೆ ಆರದು. ಒಣಹುಲ್ಲು ತುಂಬಿದ ಇಂಥ ಪೆಟ್ಟಿಗೆಗಳು ಎರಡು ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಇಂಧನ ಉಳಿಸಿದುವು. ಹುಲ್ಲಿನ ಎಡೆಯಲ್ಲಿ ಸಿಕ್ಕಿಬಿದ್ದು ನಿಶ್ಚಲವಾದ ಗಾಳಿಯ ಮೂಲಕ ಶಾಖ ಸುಲಭವಾಗಿ ಹರಿಯದು, ಗುಟ್ಟು ಇಷ್ಟೇ.

ನಮ್ಮ ದೇಶದಲ್ಲಿ ಬಂಗಾಳದ ಡಾ. ಇಂದುಮಾಧವ ಮಲ್ಲಿಕ್ ಅವರು 1910ರಲ್ಲಿ ಇಕ್ಮಿಕ್ ಕುಕ್ಕರನ್ನು ರೂಪಿಸಿದರು. ಕೆಳಗೆ ಇದ್ದಿಲ ಕೆಂಡ, ಮೇಲೆ ಒಂದರ ಮೇಲೊಂದು ಡಬ್ಬಿಗಳು. ಅನ್ನ, ಬೇಳೆ, ತರಕಾರಿಗಳೆಲ್ಲ ಒಂದೇ ಹಬೆಯಲ್ಲಿ ಬೆಂದು, ಬಡಿಸುವತನಕ ಬಿಸಿಯಾಗಿಯೇ ಇರುತ್ತಿದ್ದುವು.

ಮುಂಬಯಿಗೆ ಬಂದ ನಮ್ಮವರಿಗೆ ಕೋಡೊಲೆಯನ್ನು ಹೊತ್ತು ತರಲಾಗಲಿಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಒಂದು ಸೀಮೆಎಣ್ಣೆ ಸ್ಟೋವ್. ಹೆಚ್ಚೆಂದರೆ ಪಕ್ಕದಲ್ಲೊಂದು ಇದ್ದಿಲ ಶೇಗಡಿ. ಅನ್ನದ ಪಾತ್ರೆಯ ಮೇಲೆ ಹುಳಿ, ಅದರ ಮೇಲೆ ಪಲ್ಯ ಪೇರಿಸಿ, ಸುತ್ತಲೂ ಹಳೆಯ ಕಂಬಳಿ ಹೊದಿಸಿದ ನಮ್ಮ ತಾಯಂದಿರು ಮಲ್ಲಿಕ್, ಸೋರೆನ್ಸೆನ್ ಇಬ್ಬರ ತತ್ತ್ವವನ್ನೂ, ಅವರ ಹೆಸರು ಕೇಳದೆಯೇ, ಒಂದುಗೂಡಿಸಿದ್ದರು. ಆಮೇಲೆ ಗ್ಯಾಸ್ ಬಂತು. 1980ರ ದಶಕದಲ್ಲಿ ಎರಡು ಗೋಡೆಗಳ ಹಾಟ್‌ಕೇಸ್ ಮನೆಮನೆ ಸೇರಿತು.

ಹಾಟ್‌ಕೇಸ್ ಶಾಖವನ್ನು ಕಾಯುತ್ತದೆಯೇ ಹೊರತು ಕೊಡುವುದಿಲ್ಲ. ಆದ್ದರಿಂದ ಮೊದಲು ಅದರಲ್ಲಿ ಕುದಿನೀರು ಹಾಕಿಟ್ಟು ಚೆಲ್ಲಿ, ಬಳಿಕ ಕುದಿಯುತ್ತಿರುವ ಹುಳಿಯನ್ನು ತುಂಬಬೇಕು. ಬಿಸಿ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದರೆ ಕ್ರಿಮಿಗಳು ಬೆಳೆಯತೊಡಗುತ್ತವೆ. ಆಂಬೊಡೆ, ಹಪ್ಪಳಗಳನ್ನು ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುತ್ತವೆ. ಕೋಸಂಬರಿಗೆ ಬಿಸಿಯ ಸಹವಾಸವೇ ಬೇಡ.

ಸಲಕರಣೆಗಳು ಬದಲಾದುವು, ಹಲವು ಮನೆಗಳಲ್ಲಿ ಪಂಕ್ತಿಯ ಕ್ರಮ ಮಾತ್ರ ಬದಲಾಗಿಲ್ಲ. ಈ ಹಬ್ಬಕ್ಕೆ ಬಡಿಸುವ ಕೆಲಸವನ್ನು ಗಂಡಸರೂ ಮಕ್ಕಳೂ ಹಂಚಿಕೊಂಡು, ಅಡಿಗೆ ಮಾಡಿದವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸೋಣ.