ಮಳೆ ನಕ್ಷತ್ರಗಳೂ ಶಾಲೆಯ ವೇಳಾಪಟ್ಟಿಯೂ

ರಾಯಚೂರಿನ ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, ಕ್ರಿ.ಶ. 1294ರಲ್ಲಿ, ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನ ಅದರ ಮೇಲಿದೆ. ಶಾಸನ ಓದಲು ಬಾರದವರಿಗೂ ಅಲ್ಲಿ ನೋಡಲು ಒಂದು ಚಿತ್ರವಿದೆ. ಆ ಕಲ್ಲನ್ನು ಗಣಿಯಿಂದ ಕೋಟೆಗೆ ತಂದ ಬಗೆಯನ್ನು ಯಾರೋ ಗೆರೆಗಳಲ್ಲಿ ಕೆತ್ತಿಟ್ಟಿದ್ದಾರೆ: ಗಾಡಿಯ ಮೇಲೆ ಮಲಗಿಸಿದ ಕಲ್ಲು, ಎಳೆಯುವ ಕೋಣಗಳ ಉದ್ದನೆಯ ಸಾಲು, ಚಕ್ರಗಳಿಗೆ ಮರದ ಸನ್ನೆ ಕೊಡುತ್ತಿರುವ ಆಳುಗಳು.

ನಮ್ಮ ಶಾಲೆಗಳು ಇಲ್ಲಿಗೆ ಪ್ರವಾಸ ಬರುತ್ತವೆ. ಮಕ್ಕಳು ಸಾಲಾಗಿ ನಿಂತು ಇಸವಿಯನ್ನು ಬರೆದುಕೊಳ್ಳುತ್ತಾರೆ, 1520ರ ರಾಯಚೂರು ಯುದ್ಧದ ಬಗ್ಗೆ ಕೇಳಿ ಬಸ್ಸು ಹತ್ತುತ್ತಾರೆ. ಒಂದು ದಾರ ತಂದು ಕಲ್ಲಿನ ಉದ್ದ, ಎತ್ತರ ಅಳೆದು, ದಪ್ಪವನ್ನು ಅಂದಾಜು ಮಾಡಿ, ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ ಎಂಬ ಲೆಕ್ಕ ಹಿಡಿದು, ಎಷ್ಟು ಕೋಣ ಬೇಕಾದವು ಎಂದು ಕೇಳಿದರೆ ಅದೇ ಕಲ್ಲು ಗಣಿತವೂ ಆಗುತ್ತದೆ, ಭೌತಶಾಸ್ತ್ರವೂ ಆಗುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಆ ಗಾಡಿ ಒಂದು ಮಾರು ಸರಿಯುತ್ತಿತ್ತೇ ಎಂದು ಕೇಳಿದರೆ ಋತುವೂ ಪಾಠದೊಳಗೆ ಬರುತ್ತದೆ.

ಈಗ ಇಂಥ ಕಲಿಕೆಗೆ 'ಸ್ಟೆಮ್' ಎಂಬ ಹೆಸರಿದೆ. ಋತುಮಾನಕ್ಕೆ ತಕ್ಕ ಚಟುವಟಿಕೆಗಳ ಪಟ್ಟಿ ಮಾಡಿಕೊಳ್ಳಿ ಎಂದು ಶಿಕ್ಷಕರಿಗೆ ಹೇಳಲಾಗುತ್ತದೆ. ಹೆಸರು ಹೊಸದು, ಪ್ರಶ್ನೆ ಹಳೆಯದು: ಶಾಲೆ ಯಾವ ಕಾಲಮಾನವನ್ನು ಅನುಸರಿಸಬೇಕು?

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿಗೆ ತನ್ನದೇ ಪಂಚಾಂಗವಿದೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ. 365ನ್ನು 27ರಿಂದ ಭಾಗಿಸಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮೇ ಕೊನೆಯ ವಾರ ರೋಹಿಣಿ, ಜೂನ್ ಮೊದಲ ವಾರ ದಾಟುತ್ತಿದ್ದಂತೆ ಮಿರಗ, ಆಮೇಲೆ ಆರಿದ್ರಾ. ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತ, ಸ್ವಾತಿ. ಅಕ್ಷರ ಬಾರದ ರೈತನೂ ಈ ಹದಿಮೂರೂವರೆ ದಿನಗಳ ಲೆಕ್ಕದಲ್ಲಿ ಬಿತ್ತನೆಯ ತೀರ್ಮಾನ ಮಾಡುತ್ತಾನೆ. ಆ ಲೆಕ್ಕ ಪ್ರತಿ ಸಲ ಸರಿಹೋಗುತ್ತದೆ ಎಂದಲ್ಲ. ಆದರೆ ನೋಡುವುದು, ನೆನಪಿಡುವುದು, ಹೋಲಿಸುವುದು ಅದರೊಳಗೆ ಇವೆ.

ಮಕ್ಕಳ ಕೈಗೂ ಆ ಪಂಚಾಂಗದಲ್ಲಿ ಕೆಲಸವಿತ್ತು. ಕಾರಹುಣ್ಣಿಮೆ ಮುಗಿದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹುಡುಗನಿಗೆ ಯಾವ ಮಣ್ಣು ಅಂಟುತ್ತದೆ, ಯಾವುದು ಒಣಗಿದಾಗ ಬಿರಿಯುತ್ತದೆ ಎಂಬುದು ಕೈಯಿಂದಲೇ ತಿಳಿಯುತ್ತದೆ. ನಾಗರಪಂಚಮಿಯ ಜೋಕಾಲಿ ತೂಗುವ ಹುಡುಗಿಗೆ ಹಗ್ಗ ಉದ್ದವಾದಷ್ಟೂ ಜೀಕು ನಿಧಾನ ಎಂಬುದು ಗೊತ್ತು. ಲೋಲಕದ ಸೂತ್ರ ಬರುವುದು ಎಷ್ಟೋ ತರಗತಿಗಳ ನಂತರ. ಬಂದಾಗ ಜೋಕಾಲಿಯನ್ನು ಯಾರೂ ನೆನಪಿಸುವುದಿಲ್ಲ.

ಶಾಲೆಯ ಪಂಚಾಂಗ ಬೇರೆ ಕಡೆಯಿಂದ ಬಂತು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಪಾಠದ ಮಾತೇ ದೂರವಾಗಿತ್ತು. ಆ ದಿನಗಳಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ 'ಹಮ್‌ದರ್ದ್' ಶಾಲೆ ತೆರೆದರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವನು. ಶಾಲೆಗೆ ಅಂಥ ಹೆಸರಿಟ್ಟದ್ದೇ ಒಂದು ಶಿಕ್ಷಣ ವಿಚಾರ. ಮುಂದೆ 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದಾಗ, ಕೈಕಸುಬಿನ ಮೂಲಕ ಕಲಿಸುವ ಯೋಜನೆ ರೂಪಿಸಿದ ಸಮಿತಿಗೆ ಅಧ್ಯಕ್ಷರಾದವರು ಹೈದರಾಬಾದಿನಲ್ಲೇ ಹುಟ್ಟಿದ ಝಾಕಿರ್ ಹುಸೇನ್. ತಕಲಿ ಹಿಡಿದು ನೂಲುವ ಮಗು ಎಳೆಯ ಉದ್ದ, ತಿರುವು, ಬಲ, ಬೆಲೆ ಎಲ್ಲವನ್ನೂ ಕಲಿಯಬಹುದು ಎಂಬುದು ಅಲ್ಲಿನ ಆಲೋಚನೆ. ಹತ್ತಿ ಬೆಳೆಯುವ ರಾಯಚೂರು ಸೀಮೆಗೆ ಇದಕ್ಕಿಂತ ಹತ್ತಿರದ ಪಾಠ ಇರಲಾರದು. ಆದರೆ ಮೂಲಶಿಕ್ಷಣ ಬರಬರುತ್ತ ಬಡವರ ಮಕ್ಕಳಿಗೆ ಕಸುಬು ಕಲಿಸುವ ಯೋಜನೆ ಎಂಬ ಹಣೆಪಟ್ಟಿ ಹೊತ್ತು ದೇಶದಾದ್ಯಂತ ಸೊರಗಿತು.

ಅಷ್ಟರಲ್ಲಿ ಋತುವೇ ಬದಲಾಗುತ್ತಿತ್ತು. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ ಆರಂಭಿಸಿದ ತುಂಗಭದ್ರಾ ಆಣೆಕಟ್ಟು 1953ರಲ್ಲಿ ಬಳಕೆಗೆ ಬಂತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿ ಕಡೆಯ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು. ಅಲ್ಲಿನ ಮಗುವಿಗೆ ಈಗ ಮಿರಗಕ್ಕಿಂತ ಕಾಲುವೆಗೆ ನೀರು ಬಿಡುವ ದಿನ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಮಾನ್ವಿಯ ಮನೆಮನೆಯಲ್ಲಿ ನೀರಿನದೇ ಮಾತು. ನೀರಿನ ಒತ್ತಡದ ಪಾಠ ತೆಗೆಯಲು ಅದಕ್ಕಿಂತ ತಕ್ಕ ವಾರ ಇನ್ನೊಂದಿರಲಿಲ್ಲ. ಪಠ್ಯದಲ್ಲಿ ಆ ಅಧ್ಯಾಯ ಯಾವ ತಿಂಗಳಿಗಿದೆಯೋ ಅದು ಬೇರೆ ವಿಷಯ.

ಆಕಾಶವೇ ಪಾಠ ಹೇಳಲು ಬಂದ ದಿನವೂ ಈ ಜಿಲ್ಲೆಯ ಚರಿತ್ರೆಯಲ್ಲಿದೆ. 1980ರ ಫೆಬ್ರವರಿ 16, ಶನಿವಾರ. ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ನೆಲಕ್ಕಿಳಿದು ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ದೂರದರ್ಶಕಗಳನ್ನು ಹೂಡಿ ಕುಳಿತಿದ್ದರು. ಅದೇ ಮಧ್ಯಾಹ್ನ ದೇಶದ ಬೀದಿಗಳು ಬಿಕೋ ಎನ್ನುತ್ತಿದ್ದವು. ಜನ ಮನೆಯೊಳಗೇ ಇರಲೆಂದು ದೂರದರ್ಶನ ಸಿನಿಮಾ ಹಾಕಿತು. ಕಣ್ಣಿಗೆ ಅಪಾಯವಿದ್ದದ್ದು ನಿಜ. ಆದರೆ ರಟ್ಟಿನಲ್ಲಿ ಸೂಜಿತೂತು ಮಾಡಿ ಸೂರ್ಯನ ಬಿಂಬವನ್ನು ನೆಲದ ಮೇಲೆ ಬೀಳಿಸಿ ನೋಡುವುದಕ್ಕೆ ಖರ್ಚೇನೂ ಇರಲಿಲ್ಲ. ಜಗತ್ತಿನ ವಿಜ್ಞಾನಿಗಳು ಹುಡುಕಿಕೊಂಡು ಬಂದ ನೆರಳಿನ ಕೆಳಗೆ, ಬಾಗಿಲು ಹಾಕಿಕೊಂಡ ಮನೆಗಳಲ್ಲಿ ಒಂದು ತಲೆಮಾರಿನ ಮಕ್ಕಳು ಕೂತಿದ್ದರು.

ಬೇರೆ ದಾರಿಯೂ ಇದೆ ಎಂದು ತೋರಿಸಿದವರು ಅಷ್ಟರಲ್ಲಿ ಇದ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಮಕ್ಕಳು ಪ್ರಯೋಗ ಮಾಡಿ, ತಮ್ಮ ಉತ್ತರವನ್ನು ತಾವೇ ಬರೆದರು. ಪರೀಕ್ಷೆಯಲ್ಲೂ ಪುಸ್ತಕ ತೆರೆದಿಡಬಹುದಿತ್ತು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ನಮ್ಮಲ್ಲಿ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಪತ್ರಿಕೆಯ ಮೂಲಕ ಕನ್ನಡದಲ್ಲೇ ಇಂಥ ಪ್ರಯೋಗಗಳನ್ನು ಹಳ್ಳಿಗೆ ಮುಟ್ಟಿಸಲು ದುಡಿಯಿತು. ಈ ಚರಿತ್ರೆ ಹೇಳುವುದಿಷ್ಟು: ಕೈಯಿಂದ ಕಲಿಯುವ ಪದ್ಧತಿ ಸಲಕರಣೆಯ ಕೊರತೆಯಿಂದ ಸೋತದ್ದು ಕಡಿಮೆ, ವೇಳಾಪಟ್ಟಿಯಲ್ಲಿ, ಪರೀಕ್ಷೆಯಲ್ಲಿ ಅದಕ್ಕೆ ಜಾಗ ಸಿಗದೆ ಸೋತದ್ದೇ ಹೆಚ್ಚು.

ಹಾಗಾದರೆ ಇಲ್ಲಿನ ಒಂದು ವರ್ಷ ಹೇಗಿರಬಹುದು? ಜೂನಿನಲ್ಲಿ ಶಾಲೆ ತೆರೆದ ವಾರವೇ ಕುತ್ತಿಗೆ ಕತ್ತರಿಸಿದ ಬಾಟಲಿಯೊಂದನ್ನು ಮಳೆಮಾಪಕ ಮಾಡಬಹುದು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆಯ ಅಳತೆ ಸಿಕ್ಕರೆ ಹರಿದುಹೋದ ನೀರಿನ ಲೆಕ್ಕ ಸಿಗುತ್ತದೆ. ಮಿರಗದಲ್ಲಿ ಎಷ್ಟು, ಆರಿದ್ರಾದಲ್ಲಿ ಎಷ್ಟು ಎಂದು ಬರೆದಿಟ್ಟರೆ ಅಜ್ಜನ ಮಾತನ್ನು ಮೊಮ್ಮಗಳು ಪರೀಕ್ಷಿಸಬಹುದು. ಜುಲೈಯಲ್ಲಿ ತೂತಿನ ಎರಡು ಡಬ್ಬಿಗಳಿಗೆ ಎರೆ ಮತ್ತು ಮಸಾರಿ ತುಂಬಿ ನೀರು ಸುರಿದು ನೋಡಬಹುದು. ಮಸಾರಿ ಬೇಗ ಬಿಟ್ಟುಕೊಡುತ್ತದೆ, ಎರೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಚಳಿಗಾಲದಲ್ಲಿ ಮಳೆಯಿಲ್ಲದೆ ತೆನೆಗಟ್ಟುವ ಗುಟ್ಟು ಆ ಡಬ್ಬಿಯಲ್ಲಿದೆ.

ರಾಯಚೂರು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ದಿನ ಇಲ್ಲಿ ನೆಟ್ಟ ಕೋಲಿಗೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಮೇ ಮೊದಲ ವಾರದ ದಿನ ಬೇಸಿಗೆ ರಜೆಗೆ ಹೋಗುತ್ತದೆ. ಆಗಸ್ಟ್ 7ರಿಂದ 9ರೊಳಗಿನ ದಿನ ಮೊದಲು ದೇವದುರ್ಗಕ್ಕೆ, ಆಮೇಲೆ ರಾಯಚೂರಿಗೆ, ಆಮೇಲೆ ಮಾನ್ವಿಗೆ ಬರುತ್ತದೆ, ಮೋಡ ಬಿಟ್ಟರೆ. ಆಗ ನಡುಹಗಲು ಗಡಿಯಾರದಲ್ಲಿ ಹನ್ನೆರಡಕ್ಕಲ್ಲ, ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷದ ಸುಮಾರಿಗೆ. ಯಾಕೆ ಎಂದು ಮಗು ಕೇಳಿದರೆ ಭೂಗೋಳದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಅದೇ ದಿನ ಮೈಸೂರಿನ ಶಾಲೆಯೊಂದು ತನ್ನ ಕೋಲಿನ ನೆರಳನ್ನು ಅಳೆದು ಕಳಿಸಿದರೆ, ಸುಮಾರು ನಾಲ್ಕು ಡಿಗ್ರಿಯ ಆ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನೇ ಲೆಕ್ಕಹಾಕಬಹುದು. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ. ಬೇಸಿಗೆಯ ಹೊತ್ತಿಗೆ ಮಾನ್ವಿಯ ಮಕ್ಕಳು ಜವುಳು ಹೊಲದ ನೀರು, ಕಾಲುವೆ ನೀರು, ಮಳೆನೀರು ಮೂರನ್ನೂ ತಟ್ಟೆಗಳಲ್ಲಿ ಬಿಸಿಲಿಗಿಟ್ಟು, ಯಾವ ತಟ್ಟೆಯಲ್ಲಿ ಎಷ್ಟು ಬಿಳಿ ಉಪ್ಪು ಉಳಿಯಿತು ಎಂದು ನೋಡಬಹುದು.

ಇಷ್ಟೆಲ್ಲ ಬರೆದ ಮೇಲೂ ವರ್ಷದ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತನೆ ನಡೆದಿರುವಾಗ ಶಾಲೆಗೆ ದಸರಾ ರಜೆ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲ. ಬಿಡಿಸಲು ಎಳೆಯ ಬೆರಳುಗಳನ್ನೂ ಕರೆಯುತ್ತಾರೆ. ಆಮೇಲೆ ಗುಳೆ: ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ತಂದೆತಾಯಿಯ ಜೊತೆ ಮಕ್ಕಳೂ ಬಸ್ಸು ಹತ್ತುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಗೈರು. ಋತುವನ್ನು ಎಲ್ಲರಿಗಿಂತ ಹೆಚ್ಚು ಬಲ್ಲ ಮಗುವೇ ಋತುಮಾನದ ಚಟುವಟಿಕೆ ನಡೆಯುವ ದಿನ ತರಗತಿಯಲ್ಲಿರುವುದಿಲ್ಲ.

ಗುಳೆಯನ್ನು ನಿಲ್ಲಿಸುವುದು ಒಬ್ಬ ಶಿಕ್ಷಕರ ಕೈಯಲ್ಲಿಲ್ಲ; ಅದು ನೀರು, ಕೂಲಿ, ಸಾಲದ ಪ್ರಶ್ನೆ. ಆದರೆ ಆ ಮಗು ಮರಳಿ ಬಂದ ದಿನ ಏನು ಕೇಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ತಪ್ಪಿಹೋದ ಪಾಠಗಳ ಪಟ್ಟಿಯನ್ನು ಮುಂದಿಡುವ ಮೊದಲು, ಹತ್ತಿ ಎಳೆಯನ್ನು ಅಳತೆಪಟ್ಟಿಯ ಮೇಲೆ ಹಿಡಿದು ಅಳೆಯಲು ಕೊಡಬಹುದು; ಬಹುಮಹಡಿ ಕಟ್ಟಡಕ್ಕೆ ಸಿಮೆಂಟು ಹೇಗೆ ಏರಿಸುತ್ತಾರೆ, ರಾಟೆ ಎಲ್ಲಿ ಕಟ್ಟುತ್ತಾರೆ ಎಂದು ಕೇಳಬಹುದು. ಕೋಟೆಯ ಕಲ್ಲಿನ ಮೇಲೆ ಸನ್ನೆ ಹಿಡಿದು ನಿಂತ ಆಳಿನ ಹೆಸರು ನಮಗೆ ತಿಳಿಯದು, ಅವನ ಕೆಲಸ ಮಾತ್ರ ಗೋಡೆಯಲ್ಲಿ ಉಳಿದಿದೆ. ಈ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದೆ. ಅದು ಬಲ್ಲದ್ದಕ್ಕೂ ವೇಳಾಪಟ್ಟಿಯಲ್ಲಿ ಒಂದು ಅವಧಿ ಸಿಗಬೇಕು.