ಬೀಜ-ಕ್ಷೇತ್ರ ವಿವಾದವೂ ಕರ್ನಾಟಕದ ಬೀಜ ಸತ್ಯಾಗ್ರಹವೂ

ಬೀಜವು ಒಬ್ಬನದು, ಹೊಲವು ಮತ್ತೊಬ್ಬನದು ಆದಲ್ಲಿ ಫಲವು ಯಾರದು ಎಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಎತ್ತಿರುವರು. ಅವರ ಎದುರಿಗಿದ್ದುದು ಕ್ಷೇತ್ರಜ ಪುತ್ರನು ಯಾರಿಗೆ ಸಲ್ಲತಕ್ಕವನೆಂಬ ವ್ಯವಹಾರ. ಆದರೆ ದೃಷ್ಟಾಂತವನ್ನು ತಂದುದು ಬೇಸಾಯದಿಂದ. ಗಾಳಿಗೆ ಹಾರಿಬಂದ ಬೀಜದ ಫಲವನ್ನು ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಹೊಲದೊಡೆಯನಿಗೇ ಕೊಡಿಸುತ್ತಾನೆ. ಬೀಜದವನಿಗೂ ಪಾಲು ಬರಬೇಕಾದರೆ ಇಬ್ಬರೊಳಗೆ ಮೊದಲೇ ಒಡಂಬಡಿಕೆಯಾಗಿರಬೇಕು. ಈ ಒಡಂಬಡಿಕೆಯ ನಿಯಮವನ್ನು ವಿಜ್ಞಾನೇಶ್ವರನು ಮಿತಾಕ್ಷರೆಯ ದಾಯವಿಭಾಗದಲ್ಲಿ ಎತ್ತಿಕೊಂಡಿದ್ದಾನೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಆ ಗ್ರಂಥವು ಹುಟ್ಟಿದುದು ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ. ಸ್ವತ್ವವು ಲೌಕಿಕವಾದುದು, ಕೇವಲ ಶಾಸ್ತ್ರದಿಂದ ತಿಳಿಯತಕ್ಕುದಲ್ಲವೆಂದು ಅಲ್ಲಿಯೇ ವಾದಿಸಿದವನೂ ಆತನೇ.

ಕರ್ನಾಟಕದ ಬೀಜ ಚಳವಳಿಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಬೀಜದ ಗುಣದೋಷಗಳನ್ನೇ ಚರ್ಚಿಸುವರು. ವಿವಾದದ ಮೂಲವು ಗುಣದಲ್ಲಿರದೆ ಒಡಂಬಡಿಕೆಯಲ್ಲಿದ್ದಿತೆಂದು ನನಗೆ ತೋರುತ್ತದೆ.

1991ರ ಡಿಸೆಂಬರಿನಲ್ಲಿ ಹೊರಬಂದ ಡಂಕೆಲ್ ಕರಡು ಬೀಜದ ಮೇಲಣ ಬೌದ್ಧಿಕ ಸ್ವತ್ವವನ್ನು ಜಗತ್ತಿನ ವ್ಯಾಪಾರ ನಿಯಮಗಳೊಳಗೆ ತಂದಿತು. ಒಡಂಬಡಿಕೆಯಾದುದು ರಾಜ್ಯರಾಜ್ಯಗಳ ನಡುವೆ. ಬಿತ್ತುವವನನ್ನು ಯಾರೂ ಕೇಳಲಿಲ್ಲ. 1980ರಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ರಾಜ್ಯ ರೈತ ಸಂಘವು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಇದನ್ನು ಪ್ರತಿಭಟಿಸಿತು. 1992ರ ಡಿಸೆಂಬರ್ 29ರಂದು ರೈತರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಸಂಸ್ಥೆಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಸಂಸ್ಥೆಯ ಕಟ್ಟಡವನ್ನು ಕೆಡವಿದರು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಭಾರಿ ಸಭೆ ನೆರೆಯಿತು. ಪರರ ಸೊತ್ತನ್ನು ಸುಡುವುದನ್ನು ಸತ್ಯಾಗ್ರಹವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಚಳವಳಿಯ ಪ್ರಶ್ನೆ ಮಾತ್ರ ಅದರಿಂದ ಸುಳ್ಳಾಗದು.

ಪ್ರಶ್ನೆಯು ಸ್ಪಷ್ಟವಾದುದು 1998ರ ನವೆಂಬರಿನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಅಲ್ಲಿ ಒಬ್ಬ ರೈತನ ಹೊಲದಲ್ಲಿ ಬಿಟಿ ಹತ್ತಿಯ ಪರೀಕ್ಷೆ ನಡೆದಿದ್ದಿತು. ಬಿಟಿಯೆಂದರೆ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಂಶಾಣುವನ್ನು ಸೇರಿಸಿ, ಕಾಯಿಕೊರಕ ಹುಳುವಿಗೆ ವಿಷವಾಗುವಂತೆ ಮಾಡಿದ ಗಿಡ. ತಾನು ಬಿತ್ತಿದುದು ಇಂತಹ ಬೀಜವೆಂಬುದನ್ನು ತನಗೆ ಯಾರೂ ತಿಳಿಸಲಿಲ್ಲವೆಂದು ಆ ರೈತನು ಹೇಳಿದನು. ಆತನ ಸಮ್ಮತಿಯಿಂದಲೇ ಸಂಘದವರು ಬೆಳೆಯನ್ನು ಕಿತ್ತು ಸುಟ್ಟರು. ಅರಿಯದವನೊಡನೆ ಒಡಂಬಡಿಕೆಯಾಗುವುದು ಹೇಗೆ? ಶಾಸ್ತ್ರದ ಪರಿಭಾಷೆಯಲ್ಲಿ ಇದು ಅಭ್ಯುಪಗಮವಿಲ್ಲದ ಬೀಜವಾಪ.

ಮನುವಿನ ಗಾಳಿಯ ಬೀಜವು ಸಮುದ್ರದಾಚೆಯ ನ್ಯಾಯಾಲಯದಲ್ಲಿಯೂ ಕಾಣಿಸಿಕೊಂಡಿತು. ಕೆನಡಾದ ಪರ್ಸಿ ಶ್ಮೈಸರ್ ಎಂಬ ರೈತನು ಮಾನ್ಸಾಂಟೊ ಸಂಸ್ಥೆಯ ವಂಶಾಣುವುಳ್ಳ ಕನೋಲ ಎಣ್ಣೆಬೀಜವು ತನ್ನ ಹೊಲಕ್ಕೆ ತಾನಾಗಿ ಬಂದಿತೆಂದು ವಾದಿಸಿದನು. 2004ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಸಂಸ್ಥೆಯ ಪಕ್ಷವನ್ನು ಹಿಡಿದರು. ಆದರೂ ಆತನು ಹಣ ಕೊಡಬೇಕಾಗಲಿಲ್ಲ. ಆತನು ಆ ಬೀಜವನ್ನು ಆರಿಸಿಟ್ಟು ಮರಳಿ ಬಿತ್ತಿದ್ದನೆಂಬುದನ್ನೂ ಇಲ್ಲಿ ಮರೆಯಬಾರದು.

ನಮ್ಮ ದೇಶವು ಬೇರೆ ದಾರಿಯನ್ನು ಹಿಡಿಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ಪ್ರಕರಣವು ಬೀಜವನ್ನು ಕೂಡಿಡಲು, ಮರಳಿ ಬಿತ್ತಲು, ಹಂಚಲು, ಮಾರಲು ರೈತನಿಗೆ ಅಧಿಕಾರವನ್ನು ಕೊಡುತ್ತದೆ. ಮುದ್ರೆಯೊತ್ತಿದ ಬೀಜವಾಗಿ ಮಾತ್ರ ಮಾರಕೂಡದು. ಅರಿಯದೆ ಹಕ್ಕನ್ನು ಮೀರಿದ ರೈತನಿಗೆ 42ನೆಯ ಪ್ರಕರಣದಲ್ಲಿ ರಕ್ಷೆಯುಂಟು. ಇದನ್ನು ರಚಿಸಿದವರು ಸ್ಮೃತಿಗಳನ್ನು ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ.

ಹೀಗಿದ್ದರೂ 2002ರ ಮಾರ್ಚಿಯಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಗಳು ಸಂಕರ ತಳಿಗಳು. ಸಂಕರದ ಬೀಜವನ್ನು ಮರಳಿ ಬಿತ್ತಿದರೆ ತಾಯಿಯ ಗುಣವು ನಿಲ್ಲದು. ಆದುದರಿಂದ ವರ್ಷವರ್ಷವೂ ಕೊಳ್ಳಬೇಕು. ಕಾನೂನು ಕೊಟ್ಟ ಹಕ್ಕನ್ನು ಸಸ್ಯವೇ ಹಿಂದಕ್ಕೆ ತೆಗೆದುಕೊಂಡಂತಾಯಿತು. ಮರಳಿ ಬಿತ್ತಬಹುದಾದ ‘ಬಿಕಾನೇರಿ ನರ್ಮಾ’ ಬಿಟಿ ಹತ್ತಿಯನ್ನು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸೇರಿ ಸಿದ್ಧಪಡಿಸಿದುವು. ಅದರಲ್ಲಿ ಮಾನ್ಸಾಂಟೊದ ವಂಶಾಣುವು ಬೆರೆತಿರುವುದು ಕಂಡುಬಂದುದರಿಂದ 2009ರಲ್ಲಿ ಅದರ ಮಾರಾಟವು ನಿಂತಿತು. ಬಿಟಿ ಬದನೆಯ ವಿಷಯದಲ್ಲಿ ಮಾತ್ರ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಜನರ ಅಭಿಪ್ರಾಯವನ್ನು ಕೇಳಿದ ಮೇಲೆ, 2010ರ ಫೆಬ್ರುವರಿ 9ರಂದು ಕೇಂದ್ರ ಮಂತ್ರಿಗಳು ತಡೆಯನ್ನು ವಿಧಿಸಿದರು.

ಕಲ್ಯಾಣದ ಸುತ್ತಿನ ಕಪ್ಪು ನೆಲದಲ್ಲಿ ಇಂದು ಬೆಳೆಯುವುದು ಹೆಚ್ಚಾಗಿ ತೊಗರಿ, ಉದ್ದು, ಹೆಸರು, ಸೋಯಾ. ಸೋಯಾ ತನ್ನ ಪರಾಗದಿಂದಲೇ ಕಾಯಿಕಟ್ಟುವ ಗಿಡವಾದುದರಿಂದ, ಚೆನ್ನಾಗಿ ಒಣಗಿಸಿಟ್ಟ ಕಾಳು ಮರುವರ್ಷವೂ ಅದೇ ತಳಿಯಾಗಿ ಬೆಳೆಯುತ್ತದೆ. 39ನೆಯ ಪ್ರಕರಣವು ಸಾರ್ಥಕವಾಗತಕ್ಕುದು ಇಂತಹ ಬೆಳೆಗಳಲ್ಲಿಯೇ. ಆದರೂ ಮುಂಗಾರು ಬಂದೊಡನೆ ರೈತ ಸಂಪರ್ಕ ಕೇಂದ್ರದ ಬಾಗಿಲಲ್ಲಿ ಸೋಯಾ ಬೀಜಕ್ಕಾಗಿ ಸಾಲು ನಿಲ್ಲುವುದನ್ನು ನಾನು ಕಂಡಿದ್ದೇನೆ.